ನಲವತ್ತು ವೆಬ್‌ಸೈಟಿಗೆ ಯಾವ ಎಸ್‌ಕ್ಯೂಎಲ್ ಸರ್ವರ್?

ಮಾನ್ಯ ಸಂಪಾದಕರೆ,

ವೆಬ್‌ಸೈಟುಗಳ ದತ್ತಾಂಶ ಇಡುವ ಮೈಕ್ರೋಸಾಫ್ಟ್ ಸಾಫ್ಟ್‌ವೇರ್ ಆದ ಎಸ್‌ಕ್ಯೂಎಲ್ ಸರ್ವರ್ 2016ರ ವಿಸ್ತೃತ ಬೆಂಬಲದ ಕೊನೆಯ ದಿನ 2026ರ ಜುಲೈ 14. ಅತ್ತ ಮೈಕ್ರೋಸಾಫ್ಟ್ 2025ರ ವರ್ಷನ್‌ನಿಂದ 'ವೆಬ್' ಎಡಿಷನ್ನನ್ನೇ ಕೈಬಿಟ್ಟಿದೆ. ಒಂದೇ ಸರ್ವರಿನಲ್ಲಿ ಹತ್ತಾರು ವೆಬ್‌ಸೈಟು ಇಟ್ಟುಕೊಂಡಿರುವ ಶಿಕ್ಷಣ ಸಂಸ್ಥೆಗಳು, ಸಹಕಾರ ಸಂಘಗಳು, ಜಿಲ್ಲಾ ಪತ್ರಿಕೆಗಳು, ಸಣ್ಣ ಹೋಸ್ಟಿಂಗ್ ಕಂಪನಿಗಳು ಮುಂದೇನು ಹಾಕಿಕೊಳ್ಳಬೇಕೆಂದು ತೀರ್ಮಾನಿಸಲೇಬೇಕು. ಕೇಳಿದರೆ ಸಿಗುವ ಸಲಹೆ ಬಹುಪಾಲು ಒಂದೇ: "ಸೈಟು ಜಾಸ್ತಿ ಇವೆಯಲ್ಲ, ಸ್ಟ್ಯಾಂಡರ್ಡ್ ತಗೊಳ್ಳಿ." ಸೈಟುಗಳ ಸಂಖ್ಯೆಗೂ ಎಡಿಷನ್ನಿಗೂ ನೇರ ಸಂಬಂಧವಿಲ್ಲ. ಒಂದು ಇನ್‌ಸ್ಟನ್ಸಿನಲ್ಲಿ, ಅಂದರೆ ಯಂತ್ರದಲ್ಲಿ ಹಾಕಿದ ಎಸ್‌ಕ್ಯೂಎಲ್ ಸರ್ವರಿನ ಒಂದು ಪ್ರತಿಯಲ್ಲಿ, 32,767 ಡೇಟಾಬೇಸ್‌ಗಳವರೆಗೆ ಇಡಬಹುದು. ಪುಕ್ಕಟೆ ಸಿಗುವ ಎಕ್ಸ್‌ಪ್ರೆಸ್‌ನಲ್ಲೂ ಅಷ್ಟೇ. ಹಾಗಾದರೆ ಎಡಿಷನ್ ಯಾವುದರ ಮೇಲೆ ನಿಲ್ಲುತ್ತದೆ ಎಂಬ ಲೆಕ್ಕ ಹೇಳಲು ಈ ಪತ್ರ.

ಮೊದಲು ಒಂದು ಪದದ ಗೊಂದಲ. ಕನ್ನಡದಲ್ಲಿ ಎಡಿಷನ್ನಿಗೂ ವರ್ಷನ್ನಿಗೂ 'ಆವೃತ್ತಿ' ಎಂದೇ ಬರೆಯುತ್ತೇವೆ. ಪತ್ರಿಕೆಯವರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ: ಒಂದೇ ದಿನದ ಹುಬ್ಬಳ್ಳಿ ಆವೃತ್ತಿ, ಮೈಸೂರು ಆವೃತ್ತಿ ಎಂಬುದು ಎಡಿಷನ್, ನಿನ್ನೆಯ ಪತ್ರಿಕೆ, ಇಂದಿನ ಪತ್ರಿಕೆ ಎಂಬುದು ವರ್ಷನ್. 2016, 2019, 2022, 2025 ವರ್ಷನ್‌ಗಳು. ಎಕ್ಸ್‌ಪ್ರೆಸ್, ವೆಬ್, ಸ್ಟ್ಯಾಂಡರ್ಡ್, ಎಂಟರ್‌ಪ್ರೈಸ್ ಎಡಿಷನ್‌ಗಳು. ಎಷ್ಟೋ ಟೆಂಡರ್ ಕಾಗದಗಳಲ್ಲಿ 'ಇತ್ತೀಚಿನ ಆವೃತ್ತಿ' ಎಂದಷ್ಟೇ ಬರೆದಿರುತ್ತದೆ; ಆಮೇಲಿನ ಜಗಳಗಳಿಗೆ ಬೀಜ ಅಲ್ಲೇ ಬಿದ್ದಿರುತ್ತದೆ.

ಈಗ ಮಿತಿಗಳು. 2016ರಿಂದ 2022ರವರೆಗಿನ ಎಕ್ಸ್‌ಪ್ರೆಸ್‌ನಲ್ಲಿ ಒಂದು ಡೇಟಾಬೇಸ್ 10 ಜಿಬಿ ದಾಟುವಂತಿಲ್ಲ, ಬಫರ್ ಪೂಲ್ (ದತ್ತಾಂಶಕ್ಕೆ ಸಿಗುವ ಮೆಮೊರಿ) 1,410 ಎಂಬಿ, ಪ್ರೊಸೆಸರ್ ಒಂದು ಸಾಕೆಟ್ ಅಥವಾ ನಾಲ್ಕು ಕೋರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ವೆಬ್‌ಗೆ ಬಫರ್ ಪೂಲ್ 64 ಜಿಬಿ, 16 ಕೋರ್. ಸ್ಟ್ಯಾಂಡರ್ಡ್‌ಗೆ 128 ಜಿಬಿ, 24 ಕೋರ್. 2025ರಲ್ಲಿ ಎಕ್ಸ್‌ಪ್ರೆಸ್‌ನ ಗಾತ್ರ ಮಿತಿ 50 ಜಿಬಿಗೂ, ಸ್ಟ್ಯಾಂಡರ್ಡ್‌ನ ಬಫರ್ ಪೂಲ್ ಮಿತಿ 256 ಜಿಬಿಗೂ, ಕೋರ್ ಮಿತಿ 32ಕ್ಕೂ ಏರಿವೆ. ಎಕ್ಸ್‌ಪ್ರೆಸ್‌ನ 1,410 ಎಂಬಿ ಮಾತ್ರ ಇದ್ದಲ್ಲೇ ಇದೆ, ಮತ್ತು ಕಚ್ಚುವುದು ಅದೇ.

10 ಜಿಬಿ ಮಿತಿ ಪ್ರತಿ ಡೇಟಾಬೇಸಿಗೆ ಪ್ರತ್ಯೇಕ. ಎಲ್ಲ ಸೇರಿಸಿ ಅಲ್ಲ. ಸೈಟಿಗೆ ಸರಾಸರಿ 300 ಎಂಬಿಯಂತೆ ನಲವತ್ತು ಸೈಟುಗಳಿಗೆ ಒಟ್ಟು 12 ಜಿಬಿ. ಇದು ಎಕ್ಸ್‌ಪ್ರೆಸ್‌ನಲ್ಲಿ ನಿರಾತಂಕವಾಗಿ ಕೂರುತ್ತದೆ. ಬದಲಾವಣೆಗಳನ್ನು ಬರೆದಿಡುವ ಲಾಗ್ ಫೈಲ್ ಈ ಲೆಕ್ಕಕ್ಕೆ ಸೇರುವುದಿಲ್ಲ, ಫೈಲ್‌ಸ್ಟ್ರೀಮ್‌ನಲ್ಲಿಟ್ಟ (ಬಿಡಿ ಫೈಲುಗಳಾಗಿ ಉಳಿಯುವ) ದತ್ತಾಂಶವೂ ಸೇರುವುದಿಲ್ಲ. ಆದರೆ ಲೆಕ್ಕ ಹಿಡಿಯುವುದು ಡೇಟಾ ಫೈಲಿಗೆ ಮೀಸಲಿಟ್ಟ ಜಾಗವನ್ನು. ಒಳಗೆ ಅರ್ಧ ಖಾಲಿ ಇದ್ದರೂ ಫೈಲು 10,240 ಎಂಬಿ ಮುಟ್ಟಿದರೆ ಇನ್ನು ಬೆಳೆಯುವುದಿಲ್ಲ. ಒಳಗೂ ಜಾಗ ಮುಗಿದಾಗ ಬರುವುದು 1105 ಅಥವಾ 1827ನೇ ನಂಬರಿನ ದೋಷ. ಸೈಟು ತೆರೆಯುತ್ತದೆ, ಓದಲು ಬರುತ್ತದೆ, ಹೊಸದಾಗಿ ಏನನ್ನೂ ಸೇರಿಸಲು ಬರುವುದಿಲ್ಲ. ಅರ್ಜಿ ತುಂಬಿದವರಿಗೆ ಮಾತ್ರ ಗೊತ್ತಾಗುವ ಕಾಯಿಲೆ ಇದು. ಹೀಗೆ ಉಬ್ಬುವ ಡೇಟಾಬೇಸ್ ತೆರೆದು ನೋಡಿದರೆ ಅಪರಾಧಿ ಬಹಳ ಸಲ ಲೇಖನಗಳಲ್ಲ. ಯಾರೂ ಅಳಿಸದ ದೋಷ ದಾಖಲೆಯ ಟೇಬಲ್ಲು, ಇಲ್ಲವೇ ಡೇಟಾಬೇಸ್ ಒಳಗೇ ತುರುಕಿದ ಫೋಟೊಗಳು. ಫೋಟೊಗಳನ್ನು ಫೋಲ್ಡರಿಗೆ ಸಾಗಿಸಿ ಹಾದಿಯನ್ನಷ್ಟೇ ಟೇಬಲ್ಲಿನಲ್ಲಿಟ್ಟರೆ, ದೋಷ ದಾಖಲೆಯನ್ನು 30 ದಿನಕ್ಕೊಮ್ಮೆ ಸವರಿದರೆ, ಎಡಿಷನ್ ಬದಲಿಸುವ ಮಾತು ಹಲವು ವರ್ಷ ಮುಂದಕ್ಕೆ ಹೋಗುತ್ತದೆ.

ಬಫರ್ ಪೂಲ್ ಎಂದರೆ ಡಿಸ್ಕಿನಿಂದ ಓದಿದ 8 ಕೆಬಿ ಪುಟಗಳನ್ನು ಸರ್ವರ್ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ. ಎಕ್ಸ್‌ಪ್ರೆಸ್‌ನಲ್ಲಿ ನಲವತ್ತು ಸೈಟುಗಳೂ ಆ 1,410 ಎಂಬಿಯನ್ನು ಹಂಚಿಕೊಳ್ಳಬೇಕು. ಪರೀಕ್ಷಾ ಫಲಿತಾಂಶದ ದಿನ ಒಂದು ಕಾಲೇಜಿನ ಸೈಟು ದೊಡ್ಡ ಟೇಬಲ್ಲೊಂದನ್ನು ಇಂಡೆಕ್ಸ್ ಇಲ್ಲದೆ ಪೂರ್ತಿ ಓದಿದರೆ, ಉಳಿದ 39 ಸೈಟುಗಳ ಪುಟಗಳು ಹೊರಗೆ ತಳ್ಳಲ್ಪಡುತ್ತವೆ. ಎಲ್ಲವೂ ಡಿಸ್ಕಿಗೆ ಓಡುತ್ತವೆ, ಎಲ್ಲವೂ ನಿಧಾನ. ಸರ್ವರಿಗೆ 64 ಜಿಬಿ ರ್‍ಯಾಮ್ ಹಾಕಿಸಿದರೂ ಈ ಇನ್‌ಸ್ಟನ್ಸಿಗೆ ಅದರಿಂದ ಏನೂ ದಕ್ಕುವುದಿಲ್ಲ.

ಆದ್ದರಿಂದ ಅಳೆಯಬೇಕಾದ್ದು ದಿನದ ದಟ್ಟಣೆಯ ಹೊತ್ತಿನಲ್ಲಿ ನಿಜಕ್ಕೂ ಬಳಕೆಯಲ್ಲಿರುವ ದತ್ತಾಂಶ. ಈಗಿನ ಸರ್ವರಿನಲ್ಲಿ 'ಬಫರ್ ಡಿಸ್ಕ್ರಿಪ್ಟರ್ಸ್' ಎಂಬ ಡಿಎಂವಿಯನ್ನು (ಸರ್ವರಿನ ಒಳಸ್ಥಿತಿ ತೋರಿಸುವ ಪಟ್ಟಿಯನ್ನು) ಡೇಟಾಬೇಸ್‌ವಾರು ಎಣಿಸಿ, ಬಂದ ಪುಟಗಳ ಸಂಖ್ಯೆಯನ್ನು 8ರಿಂದ ಗುಣಿಸಿ 1,024ರಿಂದ ಭಾಗಿಸಿದರೆ ಯಾವ ಸೈಟು ಎಷ್ಟು ಎಂಬಿ ಹಿಡಿದಿದೆ ಎಂದು ಸಿಗುತ್ತದೆ. ಈಗ ಇರುವುದೇ ಎಕ್ಸ್‌ಪ್ರೆಸ್ ಆದರೆ ಮೊತ್ತ 1,410ರ ಮೇಲೆ ಹೋಗದು, ಆಗ ಡಿಸ್ಕ್ ಓದುವಿಕೆಯನ್ನು ಕೂಡ ನೋಡಬೇಕು. ಒಂದು ವಾರ, ಬೆಳಿಗ್ಗೆ 11ಕ್ಕೂ ಸಂಜೆ 7ಕ್ಕೂ ಬರೆದಿಟ್ಟುಕೊಳ್ಳಿ. ಕೊಳ್ಳುವ ಮಾತು ಆಮೇಲೆ.

ಮೊತ್ತ 1,410 ಎಂಬಿಯನ್ನು ಸ್ವಲ್ಪ ದಾಟಿದರೆ ಹಣ ಖರ್ಚು ಮಾಡುವ ಅಗತ್ಯ ಇನ್ನೂ ಇಲ್ಲ. ಮಿತಿ ಪ್ರತಿ ಇನ್‌ಸ್ಟನ್ಸಿಗೆ, ಒಂದು ವಿಂಡೋಸ್ ಸರ್ವರಿನಲ್ಲಿ 50 ಇನ್‌ಸ್ಟನ್ಸ್‌ವರೆಗೆ ಹಾಕಬಹುದು. ನಲವತ್ತು ಸೈಟುಗಳನ್ನು ಹತ್ತತ್ತರಂತೆ ನಾಲ್ಕು ಇನ್‌ಸ್ಟನ್ಸ್‌ಗಳಿಗೆ ಹಂಚಿದರೆ ಬಫರ್ ಪೂಲ್ ಒಟ್ಟು 5,640 ಎಂಬಿ ಆಯಿತು. ತಾತ್ಕಾಲಿಕ ಕೆಲಸದ ಡೇಟಾಬೇಸ್ ಆದ ಟೆಂಪ್‌ಡಿಬಿಯೂ ನಾಲ್ಕಾಗುವುದರಿಂದ ಒಂದು ಗುಂಪಿನ ಗಲಾಟೆ ಇನ್ನೊಂದಕ್ಕೆ ತಟ್ಟುವುದು ಕಡಿಮೆ. ಹತ್ತತ್ತು ಎಂದು ಸಮನಾಗಿ ಹಂಚುವುದಕ್ಕಿಂತ, ಹೊಟ್ಟೆಬಾಕ ಸೈಟು ಎರಡನ್ನು ಒಂದು ಇನ್‌ಸ್ಟನ್ಸಿಗೆ ಕೂರಿಸಿ ಸಾಧು ಸೈಟುಗಳನ್ನೆಲ್ಲ ಉಳಿದವಕ್ಕೆ ಬಿಡುವುದು ಲೇಸು. 1,410 ಎಂಬುದು ಬಫರ್ ಪೂಲ್ ಮಾತ್ರ. ಪ್ಲಾನ್ ಕ್ಯಾಶ್ (ಪ್ರಶ್ನೆಗಳನ್ನು ನಡೆಸುವ ಯೋಜನೆಗಳಿಗೆ ಮೀಸಲಾದ ಮೆಮೊರಿ) ಮುಂತಾದವು ಅದರಾಚೆ. ಹಾಗಾಗಿ 16 ಜಿಬಿಯ ಸರ್ವರಿನಲ್ಲಿ ಇನ್‌ಸ್ಟನ್ಸಿಗೆ 'ಮ್ಯಾಕ್ಸ್ ಸರ್ವರ್ ಮೆಮೊರಿ' 2,048 ಎಂಬಿ ಇಟ್ಟು, ವಿಂಡೋಸ್‌ಗೆ 4 ಜಿಬಿ ಬಿಟ್ಟು, ಉಳಿದದ್ದನ್ನು ವಿಂಡೋಸ್‌ನ ವೆಬ್ ಸರ್ವರ್ ಆದ ಐಐಎಸ್‌ಗೆ ಕೊಡಿ.

ಎಕ್ಸ್‌ಪ್ರೆಸ್ ಹಾಕಿದ ಕೂಡಲೆ ಸರಿಪಡಿಸಬೇಕಾದ ಕೆಲವು ಸಂಗತಿಗಳಿವೆ. ಹೊಸ ಡೇಟಾಬೇಸ್‌ಗಳಲ್ಲಿ 'ಆಟೊ ಕ್ಲೋಸ್' ಆನ್ ಆಗಿದೆಯೇ ನೋಡಿ. ಆನ್ ಇದ್ದರೆ ಕೊನೆಯ ಬಳಕೆದಾರ ಹೋದಾಗ ಡೇಟಾಬೇಸ್ ಮುಚ್ಚಿಕೊಂಡು, ಮುಂದಿನವನು ಬಂದಾಗ ಮತ್ತೆ ತೆರೆಯುತ್ತದೆ. ಎರರ್ ಲಾಗ್ ತುಂಬ 'ಸ್ಟಾರ್ಟಿಂಗ್ ಅಪ್ ಡೇಟಾಬೇಸ್' ಸಾಲುಗಳು, ಮೊದಲ ಪುಟ ತೆರೆಯಲು ಹಲವು ಸೆಕೆಂಡು. ಅದನ್ನು ಆಫ್ ಮಾಡಿ. ಟಿಸಿಪಿ/ಐಪಿ ಮೊದಲಿಗೆ ಆಫ್ ಇರುತ್ತದೆ. ವೆಬ್ ಸರ್ವರ್ ಬೇರೆ ಯಂತ್ರದಲ್ಲಿದ್ದರೆ ಕಾನ್ಫಿಗರೇಷನ್ ಮ್ಯಾನೇಜರಿನಲ್ಲಿ ಆನ್ ಮಾಡಿ, ಪ್ರತಿ ಇನ್‌ಸ್ಟನ್ಸಿಗೂ 14331, 14332 ಹೀಗೆ ಸ್ಥಿರ ಪೋರ್ಟ್ ಕೊಡಿ. ಕೊಡದಿದ್ದರೆ ಸೇವೆ ಮರುಪ್ರಾರಂಭವಾದಾಗ ಪೋರ್ಟ್ ಬದಲಾಗಬಹುದು, ಫೈರ್‌ವಾಲ್ ಅಡ್ಡ ನಿಲ್ಲುತ್ತದೆ. ಈ ಪೋರ್ಟುಗಳನ್ನು ಅಂತರ್ಜಾಲಕ್ಕೆ ತೆರೆದಿಡುವುದು ಮನೆ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅದರಲ್ಲೇ ಬಿಟ್ಟಂತೆ.

ಕನೆಕ್ಷನ್ ಪೂಲ್, ಅಂದರೆ ಸೈಟು ಡೇಟಾಬೇಸಿಗೆ ತೆರೆದಿಟ್ಟುಕೊಳ್ಳುವ ಸಂಪರ್ಕಗಳ ಗುಂಪು, ಇನ್ನೊಂದು. ಡಾಟ್‌ನೆಟ್‌ನಲ್ಲಿ ಪ್ರತಿ ಕನೆಕ್ಷನ್ ಸ್ಟ್ರಿಂಗಿಗೂ (ಡೇಟಾಬೇಸಿನ ವಿಳಾಸ, ಲಾಗಿನ್ ಇರುವ ಸಾಲಿಗೂ) ಪ್ರತ್ಯೇಕ ಪೂಲ್, ಬದಲಿಸದಿದ್ದರೆ ಗರಿಷ್ಠ 100. ನಲವತ್ತು ಸೈಟಿಗೆ ಅದು 4,000 ಆಗಬಹುದು. 64 ಬಿಟ್ ಸರ್ವರಿನಲ್ಲಿ ನಾಲ್ಕು ಪ್ರೊಸೆಸರಿನವರೆಗೆ ಬಂದ ಕೋರಿಕೆಗಳನ್ನು ನಡೆಸುವ ವರ್ಕರ್ ಥ್ರೆಡ್‌ಗಳು ಇರುವುದೇ 512. ಸಣ್ಣ ಸೈಟುಗಳಿಗೆ 'ಮ್ಯಾಕ್ಸ್ ಪೂಲ್ ಸೈಜ್' 20 ಸಾಕು. ಆಗ ಕೋಡಿನಲ್ಲಿ ಕನೆಕ್ಷನ್ ಮುಚ್ಚಲು ಮರೆತ ಸೈಟು ತಾನೊಂದೇ ಮುಗ್ಗರಿಸುತ್ತದೆ, ಊರನ್ನೆಲ್ಲ ಎಳೆದುಕೊಂಡು ಬೀಳುವುದಿಲ್ಲ.

ಕನ್ನಡ ಸೈಟುಗಳವರು ಇನ್ನೊಂದು ಲೆಕ್ಕವನ್ನೂ ಸೇರಿಸಿಕೊಳ್ಳಬೇಕು. 'ಕರ್ನಾಟಕ' ಎಂಬುದು ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡ್‌ನಲ್ಲಿ ಅದು ಏಳು ಸಂಕೇತ: ಕ, ರ, ಅರ್ಧಾಕ್ಷರದ ಚಿಹ್ನೆ (್), ನ, ಆ-ಕಾರದ ಗುಣಿತ, ಟ, ಕ. ಯೂನಿಕೋಡ್ ಪಠ್ಯದ ಕಾಲಮ್ ಬಗೆಯಾದ ಎನ್‌ವಾರ್‌ಚಾರ್‌ನಲ್ಲಿ ಸಂಕೇತಕ್ಕೆ 2 ಬೈಟ್, ಅಂದರೆ 14 ಬೈಟ್. 2019ರಿಂದ ಬಂದ ಯುಟಿಎಫ್-8 ಕೊಲೇಷನ್‌ನಲ್ಲಿ (ವಾರ್‌ಚಾರ್ ಕಾಲಮ್ಮಿನಲ್ಲಿ ಅಕ್ಷರ ಬರೆದಿಡುವ ಕ್ರಮದಲ್ಲಿ) ಸಂಕೇತಕ್ಕೆ 3, ಅಂದರೆ 21 ಬೈಟ್. ಯುಟಿಎಫ್-8 ಜಾಗ ಉಳಿಸುತ್ತದೆ ಎಂಬ ಮಾತು ಇಂಗ್ಲಿಷಿನ ಮಟ್ಟಿಗೆ ನಿಜ, ಕನ್ನಡಕ್ಕೆ ತಿರುವುಮುರುವು. ಎಚ್‌ಟಿಎಂಎಲ್ ಟ್ಯಾಗುಗಳೇ ತುಂಬಿದ ಲೇಖನವಾದರೆ ಟ್ಯಾಗಿನ ಉಳಿತಾಯ ಅಕ್ಷರದ ನಷ್ಟವನ್ನು ತುಂಬಿಕೊಡಬಹುದು. ಒಂದು ಟೇಬಲ್ಲಿನಲ್ಲಿ ಎರಡೂ ಬಗೆಯಲ್ಲಿ ತುಂಬಿಸಿ ನೋಡುವುದೇ ದಾರಿ. ಹೆಸರಿನ ಕಾಲಮ್ಮಿಗೆ ಎನ್‌ವಾರ್‌ಚಾರ್ 20 ಕೊಟ್ಟರೆ ಇಪ್ಪತ್ತು ಅಕ್ಷರ ಹಿಡಿಯುತ್ತದೆಂದು ನಂಬಬೇಡಿ. ಒತ್ತಕ್ಷರದ ಹೆಸರುಗಳು ಅರ್ಧಕ್ಕೇ ಕತ್ತರಿಸಿಹೋಗುತ್ತವೆ ಅಥವಾ ದೋಷ ಬರುತ್ತದೆ. 100 ಇಡಿ.

ಟೇಬಲ್ಲಿನ ಸಾಲುಗಳನ್ನು ಕುಗ್ಗಿಸಿಡುವ ರೋ ಕಂಪ್ರೆಷನ್ ಹಾಕಿದರೆ ಎನ್‌ವಾರ್‌ಚಾರ್‌ಗೆ ಯೂನಿಕೋಡ್ ಕಂಪ್ರೆಷನ್ ತಾನಾಗಿ ಸೇರುತ್ತದೆ. ಹಿಂದಿ ಪಠ್ಯಕ್ಕೆ ಅದರಿಂದ ಅರ್ಧದಷ್ಟು ಉಳಿತಾಯವೆಂದು ಮೈಕ್ರೋಸಾಫ್ಟ್ ದಾಖಲೆಯೇ ಹೇಳುತ್ತದೆ. 2016ರ ಸರ್ವೀಸ್ ಪ್ಯಾಕ್ 1ರಿಂದ ಇದು ಎಕ್ಸ್‌ಪ್ರೆಸ್‌ನಲ್ಲೂ ಉಂಟು. ಆದರೆ ಉದ್ದ ಪಠ್ಯಕ್ಕೆ ಬಳಸುವ ಎನ್‌ವಾರ್‌ಚಾರ್ ಮ್ಯಾಕ್ಸ್‌ಗೆ ಇದು ತಗಲುವುದಿಲ್ಲ, ಮತ್ತು ಲೇಖನದ ಒಡಲು ಇರುವುದು ಸಾಮಾನ್ಯವಾಗಿ ಅಲ್ಲೇ. ಯುಟಿಎಫ್-8 ಅಲ್ಲದ ಬರಿಯ ವಾರ್‌ಚಾರ್‌ಗೆ ಕನ್ನಡ ತುಂಬಿದರೆ ಉಳಿಯುವುದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಅಲ್ಲಿ ಆಜ್ಞೆಯೊಳಗಿನ ಪಠ್ಯದ ಮುಂದೆ ಇಂಗ್ಲಿಷಿನ ಎನ್ (N) ಅಕ್ಷರ ಹಾಕದೆ ಬಿಟ್ಟರೂ ಅದೇ ಗತಿ. ಹಾಗೆ ಒಮ್ಮೆ ಹೋದ ಪಠ್ಯ ಯಾವ ಎಡಿಷನ್ನಿನಲ್ಲೂ ಮರಳುವುದಿಲ್ಲ. ಇನ್ನು ಲೇಖನದ ಒಳಗಿನ ಪದಗಳನ್ನು ಹುಡುಕುವ ಫುಲ್‌ಟೆಕ್ಸ್ಟ್ ಹುಡುಕಾಟ: ಕನ್ನಡದ ಪದ ಬಿಡಿಸುವ ಸಾಧನ ಎಸ್‌ಕ್ಯೂಎಲ್ ಸರ್ವರಿನೊಳಗೇ ಇದೆ, ಭಾಷಾ ಸಂಖ್ಯೆ 1099. 2022ರವರೆಗೆ ಇದು ಬರಿಯ ಎಕ್ಸ್‌ಪ್ರೆಸ್‌ನಲ್ಲಿ ಸಿಗದು, 'ಎಕ್ಸ್‌ಪ್ರೆಸ್ ವಿತ್ ಅಡ್ವಾನ್ಸ್ಡ್ ಸರ್ವಿಸಸ್' ಇಳಿಸಿಕೊಳ್ಳಬೇಕು. ಅದೂ ಉಚಿತವೇ. ಇದೊಂದಕ್ಕಾಗಿ ಸ್ಟ್ಯಾಂಡರ್ಡ್ ಕೊಳ್ಳುವವರಿದ್ದಾರೆ!

ಬ್ಯಾಕಪ್ಪಿನಲ್ಲಿ ಎಕ್ಸ್‌ಪ್ರೆಸ್ ನಿಜಕ್ಕೂ ಬಡವ. ಹೊತ್ತಿಗೆ ಸರಿಯಾಗಿ ಕೆಲಸ ನಡೆಸುವ ಎಸ್‌ಕ್ಯೂಎಲ್ ಏಜೆಂಟ್ ಇಲ್ಲ, ಬ್ಯಾಕಪ್ ಕಂಪ್ರೆಷನ್ ಇಲ್ಲ. ಎಸ್‌ಕ್ಯೂಎಲ್‌ಸಿಎಂಡಿಯಲ್ಲಿ (ಆಜ್ಞೆಗಳನ್ನು ಓಡಿಸುವ ಸಾಧನದಲ್ಲಿ) ಬ್ಯಾಕಪ್ ಸ್ಕ್ರಿಪ್ಟ್ ಬರೆದು ವಿಂಡೋಸ್ ಟಾಸ್ಕ್ ಶೆಡ್ಯೂಲರಿಗೆ ಒಪ್ಪಿಸಬೇಕು. ದತ್ತಾಂಶ ಕೆಟ್ಟಿದೆಯೇ ಎಂದು ನೋಡುವ 'ಚೆಕ್‌ಸಮ್' ಸೇರಿಸಿ, ಇನ್‌ಸ್ಟನ್ಸಿನಿಂದ ಇನ್‌ಸ್ಟನ್ಸಿಗೆ ಅರ್ಧ ಗಂಟೆ ಅಂತರವಿಡಿ, ಬಂದ ಫೈಲನ್ನು ಜಿಪ್ ಮಾಡಿ ಬೇರೆ ಯಂತ್ರಕ್ಕೆ ಕಳಿಸಿ. ಓಡುತ್ತಿರುವ ಡೇಟಾಬೇಸಿನ ಎಂಡಿಎಫ್ ಫೈಲನ್ನು (ಡೇಟಾ ಫೈಲನ್ನು) ನಕಲು ಮಾಡಿಟ್ಟು ಅದನ್ನೇ ಬ್ಯಾಕಪ್ ಎನ್ನಬೇಡಿ. ತಿಂಗಳಿಗೊಂದು ಸೈಟನ್ನಾದರೂ ಬೇರೆ ಹೆಸರಿನಲ್ಲಿ ರೀಸ್ಟೋರ್ ಮಾಡಿ ತೆರೆದು ನೋಡಿ. ಬೇರೆ ಸರ್ವರಿನಿಂದ ತಂದ ಡೇಟಾಬೇಸ್ 'ಫುಲ್' ರಿಕವರಿ ಮಾಡೆಲ್‌ನಲ್ಲಿ (ಲಾಗ್ ಬ್ಯಾಕಪ್ ಆಗುವವರೆಗೆ ಲಾಗನ್ನು ಉಳಿಸಿಕೊಳ್ಳುವ ಕ್ರಮದಲ್ಲಿ) ಇದ್ದು ಲಾಗ್ ಬ್ಯಾಕಪ್ ಆಗದಿದ್ದರೆ ಲಾಗ್ ಫೈಲು ಡಿಸ್ಕ್ ತುಂಬುವವರೆಗೆ ಬೆಳೆದು 9002 ದೋಷ ಕೊಡುತ್ತದೆ. ದಿನಕ್ಕೊಂದು ಬ್ಯಾಕಪ್ ಸಾಕೆನಿಸುವ ಸೈಟುಗಳನ್ನು 'ಸಿಂಪಲ್'ಗೆ ಬದಲಿಸಿ. ಹಣದ ವ್ಯವಹಾರವಿರುವವನ್ನು 'ಫುಲ್'ನಲ್ಲೇ ಇಟ್ಟು ಹದಿನೈದು ನಿಮಿಷಕ್ಕೊಂದು ಲಾಗ್ ಬ್ಯಾಕಪ್ ತೆಗೆಯಿರಿ.

ಸೈಟುಗಳನ್ನು ಒಂದರಿಂದೊಂದು ಬೇರೆ ಇಡುವುದಕ್ಕೆ ಯಾವ ಎಡಿಷನ್ನೂ ಬೇಕಿಲ್ಲ, ಶಿಸ್ತು ಬೇಕು. ಐಐಎಸ್‌ನಲ್ಲಿ ಸೈಟಿಗೊಂದು ಆ್ಯಪ್ ಪೂಲ್ (ಪ್ರತ್ಯೇಕವಾಗಿ ಓಡುವ ಪ್ರಕ್ರಿಯೆ), ಸೈಟಿಗೊಂದು ಲಾಗಿನ್, ಓದು ಬರಹದ ಅನುಮತಿ ಮಾತ್ರ. ಎಲ್ಲ ಸೈಟುಗಳೂ ಸರ್ವಾಧಿಕಾರವಿರುವ ಎಸ್‌ಎ ಲಾಗಿನ್ನಿನಲ್ಲಿ ಓಡುತ್ತಿದ್ದರೆ ಒಂದು ಹಳೆಯ ಪ್ಲಗ್‌ಇನ್ ಸಾಕು ನಲವತ್ತನ್ನೂ ಕಳೆದುಕೊಳ್ಳಲು.

ಇನ್ನು ಪರವಾನಗಿ, ಎಲ್ಲರೂ ಕೊನೆಗೆ ಓದುವ ಕಾಗದ. ನಿಮ್ಮದೇ ಸಂಸ್ಥೆಯ ನಲವತ್ತು ಸೈಟುಗಳನ್ನು ಇಡುವುದು ಒಂದು ಕತೆ, ನಲವತ್ತು ಗಿರಾಕಿಗಳಿಗೆ ಜಾಗ ಬಾಡಿಗೆ ಕೊಡುವುದು ಬೇರೆ ಕತೆ. ಎಕ್ಸ್‌ಪ್ರೆಸ್‌ನ ಕರಾರಿನಲ್ಲಿ ವಾಣಿಜ್ಯ ಹೋಸ್ಟಿಂಗ್ ಸೇವೆಯ ಬಗ್ಗೆ ನಿರ್ಬಂಧವಿದೆ. ಅಂಗಡಿಯಿಂದ ಕೊಂಡ ಸ್ಟ್ಯಾಂಡರ್ಡ್ ಪರವಾನಗಿಯೂ ಬಾಡಿಗೆಗೆ ಕೊಡಲು ಸಾಲದು. ಹೋಸ್ಟಿಂಗ್ ಮಾಡುವವರಿಗೆ ಎಸ್‌ಪಿಎಲ್‌ಎ ಎಂಬ ಸೇವಾದಾರರ ಒಪ್ಪಂದವಿದೆ. ವೆಬ್ ಎಡಿಷನ್ ಸಿಗುತ್ತಿದ್ದುದು ಆ ದಾರಿಯಲ್ಲಿ ಅಥವಾ ಕ್ಲೌಡ್ ಕಂಪನಿಗಳ ಬಾಡಿಗೆ ಯಂತ್ರಗಳಲ್ಲಿ. ಅದರಲ್ಲೂ ಸಾರ್ವಜನಿಕರಿಗೆ ತೆರೆದ ಸೈಟುಗಳನ್ನಷ್ಟೇ ಓಡಿಸಬಹುದು. ಸಂಘದ ಸಂಬಳ ಪಟ್ಟಿಯ ಸಾಫ್ಟ್‌ವೇರನ್ನು ಪಕ್ಕದಲ್ಲಿ ಕೂರಿಸಿದರೆ ಕರಾರು ಮುರಿದಂತೆ. ಈಗ ವೆಬ್‌ನಲ್ಲಿರುವವರು ಗಾಬರಿಯಾಗಬೇಕಿಲ್ಲ. 2022ರ ವೆಬ್ ಎಡಿಷನ್ನಿಗೆ 2033ರ ಜನವರಿವರೆಗೆ ಬೆಂಬಲವಿದೆ. ಆದರೆ ಮುಂದಿನ ಮೆಟ್ಟಿಲು ಇಲ್ಲದ ಮನೆ ಅದು, ಹೊಸದಾಗಿ ಅಲ್ಲಿ ಸಂಸಾರ ಹೂಡುವುದು ಜಾಣತನವಲ್ಲ.

ಸ್ಟ್ಯಾಂಡರ್ಡ್ ಯಾವಾಗ ಬೇಕು? ಒಂದೇ ಸೈಟಿನ ಬಳಕೆಯ ದತ್ತಾಂಶ 1,410 ಎಂಬಿಗಿಂತ ತೀರ ಹೆಚ್ಚಿದ್ದು ಅದನ್ನು ಒಡೆಯಲು ಬಾರದಿದ್ದರೆ, ಒಂದೇ ಡೇಟಾಬೇಸ್ ಗಾತ್ರದ ಮಿತಿಯ ಸಮೀಪ ಇದ್ದರೆ, ಎರಡನೆಯ ಸರ್ವರಿಗೆ ತಾನಾಗಿ ಜಿಗಿಯುವ ವ್ಯವಸ್ಥೆ ಬೇಕಿದ್ದರೆ. ಅದಕ್ಕೆ ತೆರುವ ಬೆಲೆಯನ್ನೂ ನೋಡಿ. 2022ರ ಪ್ರಕಟಿತ ದರದಲ್ಲಿ ಎರಡು ಕೋರಿನ ಪ್ಯಾಕಿಗೆ 3,945 ಡಾಲರ್. ವರ್ಚುವಲ್ ಯಂತ್ರ ಎಷ್ಟೇ ಚಿಕ್ಕದಿರಲಿ, ಕನಿಷ್ಠ ನಾಲ್ಕು ಕೋರಿಗೆ ಪರವಾನಗಿ, ಅಲ್ಲಿಗೆ 7,890 ಡಾಲರ್. ಎಂಟರ್‌ಪ್ರೈಸ್‌ಗೆ ಅದೇ ಲೆಕ್ಕದಲ್ಲಿ 30,246. ನಮ್ಮಲ್ಲಿ ಮೇಲೆ ಶೇ 18 ಜಿಎಸ್‌ಟಿ. ಸರ್ವರ್ ಜತೆ ಕ್ಯಾಲ್ (ಬಳಕೆದಾರರ ಪರವಾನಗಿ) ಎಂಬ ಅಗ್ಗದ ದಾರಿಯೊಂದಿದೆ, ಸರ್ವರಿಗೆ 989 ಡಾಲರ್; ಆದರೆ ಬಳಸುವ ಒಬ್ಬೊಬ್ಬರಿಗೂ ಅಥವಾ ಸಾಧನಕ್ಕೂ ಕ್ಯಾಲ್ ಬೇಕು. ಮಧ್ಯೆ ವೆಬ್ ಸರ್ವರ್ ಇದೆ, ಡೇಟಾಬೇಸಿಗೆ ಕಾಣುವುದು ಒಂದೇ ಲಾಗಿನ್ ಎಂಬ ವಾದ ನಡೆಯುವುದಿಲ್ಲ. ಹೀಗಾಗಿ ಸಾರ್ವಜನಿಕ ಸೈಟಿಗೆ ಆ ದಾರಿ ಮುಚ್ಚಿದಂತೆಯೇ. ಡೆವಲಪರ್ ಎಡಿಷನ್ ಪುಕ್ಕಟೆ, ಎಲ್ಲ ಸೌಲಭ್ಯವೂ ಇದೆ, ಸಾರ್ವಜನಿಕ ಸೈಟು ಓಡಿಸುವಂತಿಲ್ಲ. ಇವ್ಯಾಲ್ಯುವೇಷನ್ ಎಡಿಷನ್ 180 ದಿನ ಚೆನ್ನಾಗಿ ಓಡಿ ಆಮೇಲೆ ಸೇವೆಯೇ ನಿಲ್ಲುತ್ತದೆ.

ಸೈಟುಗಳು ವರ್ಡ್‌ಪ್ರೆಸ್‌ನವಾದರೆ ಈ ಇಡೀ ಚರ್ಚೆ ನಿಮಗಲ್ಲ. ಅವಕ್ಕೆ ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿಯೇ ಬೇಕು. ಹೊಸದಾಗಿ ಬರೆಸುವ ಸೈಟಾದರೆ ಪೋಸ್ಟ್‌ಗ್ರೆಸ್ ನೋಡಿ, ಅಲ್ಲಿ ಎಡಿಷನ್ ಎಂಬ ತಂಟೆಯೇ ಇಲ್ಲ. ಉಚಿತವೆಂದು ಹಾಕಿ ಹಾಗೇ ಬಿಟ್ಟರೆ ಅವೂ ನರಳುತ್ತವೆ: ಮೈಎಸ್‌ಕ್ಯೂಎಲ್‌ನ ಇನ್ನೊಡಿಬಿ ಬಫರ್ ಪೂಲ್, ಪೋಸ್ಟ್‌ಗ್ರೆಸ್‌ನ ಶೇರ್ಡ್ ಬಫರ್ಸ್ ಎರಡೂ ಶುರುವಿನಲ್ಲಿ ಸಾಮಾನ್ಯವಾಗಿ 128 ಎಂಬಿ ಇರುತ್ತವೆ. ಎಕ್ಸ್‌ಪ್ರೆಸ್‌ನ 1,410ಕ್ಕೆ ಹೀಯಾಳಿಸಿ ಇಲ್ಲಿಗೆ ಬಂದವರು ಅದರ ಹತ್ತನೇ ಒಂದರಲ್ಲಿ ಓಡಿಸುತ್ತಿರುವುದುಂಟು.

ಎಕ್ಸ್‌ಪ್ರೆಸ್‌ನಲ್ಲಿ ಶುರು ಮಾಡುವುದರ ದೊಡ್ಡ ಅನುಕೂಲವೆಂದರೆ ಮೇಲೆ ಹತ್ತುವುದು ಸುಲಭ. ಸ್ಟ್ಯಾಂಡರ್ಡ್ ಪರವಾನಗಿ ಬಂದ ದಿನ ಸೆಟಪ್‌ನ ಮೇಂಟೆನೆನ್ಸ್ ಪುಟದಲ್ಲಿ 'ಎಡಿಷನ್ ಅಪ್‌ಗ್ರೇಡ್' ಆರಿಸಿ ಕೀ ಕೊಟ್ಟರೆ ಡೇಟಾಬೇಸ್‌ಗಳು ಇದ್ದಲ್ಲೇ ಇರುತ್ತವೆ. ಏಜೆಂಟ್ ಸೇವೆಯನ್ನು ಕೈಯಾರೆ ಆನ್ ಮಾಡಿ, ಮ್ಯಾಕ್ಸ್ ಮೆಮೊರಿ ಏರಿಸಿ, ಆಟೊ ಕ್ಲೋಸ್ ಇನ್ನೊಮ್ಮೆ ಪರಿಶೀಲಿಸಿ. ಕೆಳಗಿಳಿಯಲು ಮಾತ್ರ ಮೆಟ್ಟಿಲಿಲ್ಲ. ಸ್ಟ್ಯಾಂಡರ್ಡ್‌ನಿಂದ ಎಕ್ಸ್‌ಪ್ರೆಸ್‌ಗೆ ಬರಬೇಕಾದರೆ ಹೊಸ ಇನ್‌ಸ್ಟನ್ಸ್ ಹಾಕಿ ಒಂದೊಂದೇ ಡೇಟಾಬೇಸ್ ರೀಸ್ಟೋರ್ ಮಾಡಬೇಕು, ಅದೂ ಅದೇ ವರ್ಷನ್ನಿಗೆ ಅಥವಾ ಹೊಸದಕ್ಕೆ. 2025ಕ್ಕೆ ಹೋದ ಡೇಟಾಬೇಸಿನ ಬ್ಯಾಕಪ್ 2022ರಲ್ಲಿ ತೆರೆಯುವುದಿಲ್ಲ. 50 ಜಿಬಿಯ ಆಸೆಗೆ ನಲವತ್ತನ್ನೂ ಒಂದೇ ರಾತ್ರಿ ಸಾಗಿಸದೆ, ಮುಖ್ಯವಲ್ಲದ ಎರಡು ಸೈಟುಗಳನ್ನು ಮೊದಲು ಕಳಿಸಿ ಒಂದು ತಿಂಗಳು ನೋಡಿ. ಹಳೆಯ ಇನ್‌ಸ್ಟನ್ಸನ್ನು ಅಲ್ಲಿಯವರೆಗೆ ತೆಗೆಯಬೇಡಿ.

ಇಂತಿ,
ಡೇಟಾಬೇಸ್ ನಿರ್ವಹಣೆಯ ವೃತ್ತಿಯಲ್ಲಿರುವ ಓದುಗರು
ಮೈಸೂರು